ಮೊಣಕಾಲುದ್ದ ನೀರು ನಿಲ್ಲುವ ತಗ್ಗು ನಮ್ಮ ಸೂಕ್ಷ್ಮತಾ ನಕ್ಷೆಯಲ್ಲಿ ‘ಕಡಿಮೆ ಸೂಕ್ಷ್ಮ’ ಎಂದು ಬಂದಿದೆ. ತಪ್ಪು ಎಲ್ಲಿದೆ?

ತಗ್ಗುನೆಲ

ಎರಡು ವರ್ಷಗಳಿಂದ ಒಂದು ನಗರ ಮತ್ತು ಅದರ ಬೆಳೆಯುತ್ತಿರುವ ಅಂಚಿನ ಪರಿಸರ ಸೂಕ್ಷ್ಮತಾ ನಕ್ಷೆ ತಯಾರಿಸುತ್ತಿದ್ದೇನೆ. ಹೊಸ ಬಡಾವಣೆ, ರಸ್ತೆ, ಗೋದಾಮು ಎಲ್ಲಿ ಬರಬಹುದು, ಎಲ್ಲಿ ಬರಲೇಬಾರದು ಎಂದು ತೀರ್ಮಾನಿಸುವವರ ಮೇಜಿಗೆ ಹೋಗುವ ನಕ್ಷೆ ಇದು. ಐದು ಪದರಗಳನ್ನು ತೆಗೆದುಕೊಂಡೆ: ಇಳಿಜಾರು, ಉಪಗ್ರಹ ಚಿತ್ರದಿಂದ ಬಂದ ಸಸ್ಯಸೂಚಿ, ನೀರಿನ ಸಾಮೀಪ್ಯ, ಮಣ್ಣಿನ ಸವಕಳಿ, ಭೂಬಳಕೆ. ನೆಲವನ್ನು ಸಣ್ಣ ಚೌಕಗಳಾಗಿ ಹಂಚಿ, ಪ್ರತಿ ಚೌಕಕ್ಕೆ ಪ್ರತಿ ಪದರದಲ್ಲೂ 1ರಿಂದ 5ರವರೆಗೆ ಅಂಕ, 5 ಎಂದರೆ ಅತಿ ಸೂಕ್ಷ್ಮ. ಪರಿಣತರನ್ನು ಕೂರಿಸಿಕೊಂಡು, ಪದರಗಳನ್ನು ಜೋಡಿ ಜೋಡಿಯಾಗಿ ಹೋಲಿಸಿ ತೂಕ ಕೊಟ್ಟೆವು. ಆ ಹೋಲಿಕೆಗಳು ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂದು ಹೇಳುವ ಹೊಂದಾಣಿಕೆಯ ಅನುಪಾತ 0.06 ಬಂತು, ಅಂದರೆ 0.10ರ ಮಿತಿಯೊಳಗೇ ಇದೆ. ಎಲ್ಲವೂ ಸರಿಯಾಗಿದೆ ಎಂದುಕೊಂಡೆ.

ಹೋದ ವಾರ ಮೂರು ದಿನ ಬಿಡದೆ ಮಳೆ ಬಂತು. ನಾಲ್ಕನೆಯ ದಿನ ಬೆಳಿಗ್ಗೆ ಮುದ್ರಿಸಿದ ನಕ್ಷೆಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು ಹೊರಟೆ. ಆಗ್ನೇಯ ಅಂಚಿನಲ್ಲಿ ತೊರೆಯ ಪಕ್ಕದ ಒಂದು ಬಯಲಿದೆ. ನಕ್ಷೆಯಲ್ಲಿ ಅದು ತಿಳಿ ಹಳದಿ, ಅಂದರೆ ಕಡಿಮೆ ಸೂಕ್ಷ್ಮ, ಕಟ್ಟಲು ಯೋಗ್ಯ. ಅಲ್ಲಿ ಇಳಿದರೆ ಮೊಣಕಾಲಿನವರೆಗೆ ನೀರು. ಹುಲ್ಲಿನ ತುದಿಗಳು ಮಾತ್ರ ಮೇಲೆ ಕಾಣುತ್ತಿದ್ದವು. ಕಪ್ಪೆಗಳ ವಟವಟ ಕಿವಿಗಡಚಿಕ್ಕುತ್ತಿತ್ತು, ಹುಲ್ಲಿನ ದಂಟಿಗೆ ಅಂಟಿಕೊಂಡ ಮೊಟ್ಟೆಗಳ ಲೋಳೆ ಬರಿಗಣ್ಣಿಗೇ ಕಾಣುತ್ತಿತ್ತು. ಆ ಹಳದಿ ಕಾಗದವನ್ನು ಕೈಯಲ್ಲಿ ಹಿಡಿದು ನೀರಿನೊಳಗೆ ನಿಂತಾಗ ನನಗೆ ನಿಜಕ್ಕೂ ನಾಚಿಕೆಯಾಯಿತು.

ಮನೆಗೆ ಬಂದು ಆ ಒಂದೇ ಚೌಕದ ಲೆಕ್ಕ ತೆಗೆದೆ. ಇಳಿಜಾರು 1 (ನೆಲ ಸಮತಟ್ಟು), ಸಸ್ಯ 2, ನೀರು 5, ಸವಕಳಿ 1, ಭೂಬಳಕೆ 2 (‘ಖಾಲಿ ಜಾಗ’ ಎಂದು ದಾಖಲಾಗಿದೆ). ತೂಕಗಳು ಕ್ರಮವಾಗಿ 0.25, 0.25, 0.20, 0.15, 0.15. ಗುಣಿಸಿ ಕೂಡಿದರೆ 2.20. ಒಂದರಿಂದ ಐದರವರೆಗಿನ ಅಂತರವನ್ನು ಐದು ಸಮಭಾಗ ಮಾಡಿದ್ದೇನೆ, ಹಾಗಾಗಿ 1.8ರಿಂದ 2.6ರವರೆಗೆ ‘ಕಡಿಮೆ’. ಲೆಕ್ಕ ಸರಿ, ಉತ್ತರ ತಪ್ಪು. ಎಲ್ಲಿ ಎಡವಿದ್ದೇನೆ?

ನಕ್ಷೆಮನೆ

ನೀವು ಲೆಕ್ಕದಲ್ಲಿ ಎಡವಿಲ್ಲ, ತಗ್ಗುನೆಲ ಅವರೇ. ಲೆಕ್ಕದ ಸ್ವಭಾವವೇ ಹಾಗೆ. ತೂಕ ಹಾಕಿ ಕೂಡುವ ವಿಧಾನದಲ್ಲಿ ಒಂದು ಪದರದ ದೊಡ್ಡ ಅಂಕವನ್ನು ಉಳಿದ ಪದರಗಳ ಸಣ್ಣ ಅಂಕಗಳು ನುಂಗಿಬಿಡುತ್ತವೆ. ತಳದಲ್ಲಿ ತೂತಿರುವ ಕೊಡದ ಕಂಠ, ಹೊಟ್ಟೆ ಎಷ್ಟು ಗಟ್ಟಿಯಾಗಿದ್ದರೆ ಏನು ಬಂತು? ನೀರು ನಿಲ್ಲುವುದಿಲ್ಲ. ನೀವು ಕೊಡದ ಎಲ್ಲ ಭಾಗಗಳಿಗೂ ಅಂಕ ಕೊಟ್ಟು ಸರಾಸರಿ ತೆಗೆದಿದ್ದೀರಿ.

ತೂಕ ಬದಲಾಯಿಸಿದರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳುವ ಮೊದಲೇ ಲೆಕ್ಕ ಮಾಡಿ ತೋರಿಸುತ್ತೇನೆ. ಆ ಚೌಕದಲ್ಲಿ ನೀರನ್ನು ಬಿಟ್ಟು ಉಳಿದ ನಾಲ್ಕು ಪದರಗಳ ತೂಕದ ಸರಾಸರಿ 1.5. ಚೌಕ ‘ಹೆಚ್ಚು ಸೂಕ್ಷ್ಮ’ ವರ್ಗಕ್ಕೆ, ಅಂದರೆ 3.4ಕ್ಕೆ ಏರಬೇಕಾದರೆ ನೀರೊಂದಕ್ಕೇ ಸುಮಾರು 0.54 ತೂಕ ಕೊಡಬೇಕು. ಅಷ್ಟು ಕೊಟ್ಟರೆ ಬೆಟ್ಟದ ಬದಿಯ ಕಡಿದಾದ ಇಳಿಜಾರು ಹಳದಿಯಾಗುತ್ತದೆ. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಬಿಚ್ಚಿಕೊಳ್ಳುವ ಗಿಡ್ಡ ಕಂಬಳಿ ಇದು.

ಈ ತೊಂದರೆ ಹೊಸದಲ್ಲ. 1960ರ ದಶಕದಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಇಯಾನ್ ಮೆಕ್‌ಹಾರ್ಗ್ ನ್ಯೂಯಾರ್ಕಿನ ಸ್ಟೇಟನ್ ಐಲ್ಯಾಂಡ್‌ನಲ್ಲಿ ಹೆದ್ದಾರಿಗೆ ದಾರಿ ಹುಡುಕುವಾಗ ಪಾರದರ್ಶಕ ಹಾಳೆಗಳನ್ನು ಒಂದರ ಮೇಲೊಂದು ಇಟ್ಟರು. ಕಾಡು, ನೀರು, ಸವಕಳಿ, ವನ್ಯಜೀವಿ ಎಂದು ಒಂದೊಂದಕ್ಕೂ ಒಂದೊಂದು ಹಾಳೆ. ಎಲ್ಲಿ ಬೆಲೆಬಾಳುವುದು ಇದೆಯೋ ಅಲ್ಲಿ ಬಣ್ಣ ಗಾಢ. ಹಾಳೆಗಳ ಮೂಲಕ ಬೆಳಕು ಎಲ್ಲಿ ಹೆಚ್ಚು ತೂರಿ ಬರುತ್ತದೆಯೋ ಅಲ್ಲಿ ರಸ್ತೆ. ಅದ್ಭುತವಾದ ಕೆಲಸ, ಇಂದು ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ಜಿಐಎಸ್ ತಂತ್ರಾಂಶದ ಪದರಗಳ ಹಿಂದೆ ಇರುವುದು ಆ ಹಾಳೆಗಳೇ. ಆದರೆ ಗಾಢತೆಯ ಮೇಲೆ ಗಾಢತೆ ಇಡುವುದೂ ಕೂಡಿಸುವುದೇ ಅಲ್ಲವೇ? 1977ರಲ್ಲಿ ಯೋಜನಾ ತಜ್ಞ ಲೂಯಿಸ್ ಹಾಪ್ಕಿನ್ಸ್ ಇದನ್ನೇ ಎತ್ತಿ ತೋರಿಸಿದರು. ‘ಮೊದಲನೆಯದು, ಎರಡನೆಯದು, ಮೂರನೆಯದು’ ಎಂಬ ಕೇವಲ ಸ್ಥಾನಗಳನ್ನು ಅಳತೆಗಳಂತೆ ಕೂಡಿದರೆ ಗಣಿತಕ್ಕೆ ಅರ್ಥವಿಲ್ಲ, ಪದರಗಳು ಒಂದನ್ನೊಂದು ಅವಲಂಬಿಸಿದ್ದರೆ ಇನ್ನೂ ಅರ್ಥವಿಲ್ಲ. ನಾವು ಇಂದಿಗೂ ಅದನ್ನೇ ಮಾಡುತ್ತಿದ್ದೇವೆ, ಕಂಪ್ಯೂಟರ್ ಇರುವುದರಿಂದ ಇನ್ನಷ್ಟು ವೇಗವಾಗಿ.

ನನ್ನ ಸಲಹೆ: ಕೂಡಬೇಡಿ. ಐದು ಅಂಕಗಳಲ್ಲಿ ಅತಿ ದೊಡ್ಡದು ಯಾವುದೋ ಅದನ್ನೇ ಚೌಕದ ಅಂಕವಾಗಿ ಇಟ್ಟುಕೊಳ್ಳಿ.

ಹುಲ್ಲುಹಕ್ಕಿ

ನಕ್ಷೆಮನೆ ಅವರ ರೋಗಪರೀಕ್ಷೆ ಒಪ್ಪುತ್ತೇನೆ, ಮದ್ದನ್ನು ಒಪ್ಪುವುದಿಲ್ಲ. ಗರಿಷ್ಠ ಅಂಕದ ನಿಯಮ ಹಾಕಿ ನೋಡಿದ್ದೇನೆ. ಎಂಟು ಪದರಗಳಿದ್ದ ಒಂದು ನಕ್ಷೆಯಲ್ಲಿ ಮುಕ್ಕಾಲು ಭಾಗ ಕೆಂಪಾಯಿತು, ಅಂದರೆ ಅತಿ ಸೂಕ್ಷ್ಮ. ಅದನ್ನು ನೋಡಿದವರು ‘ಹಾಗಾದರೆ ಎಲ್ಲಿ ಕಟ್ಟಬೇಕು ಹೇಳಿ’ ಎಂದು ಕೇಳಿ ಮಡಚಿಟ್ಟರು. ಮತ್ತೆ ಬಿಚ್ಚಲಿಲ್ಲ.

ನನ್ನ ಪ್ರಶ್ನೆ ಅದಕ್ಕೂ ಹಿಂದಿನದು. ಸೂಕ್ಷ್ಮ ಎಂದರೆ ಯಾವುದಕ್ಕೆ ಸೂಕ್ಷ್ಮ? ಇದನ್ನು ಬರೆದಿಡದೆ ಪದರ ಹಾಕಲು ಕೂತರೆ ಇಂಥ ಎಡವಟ್ಟು ಆಗಿಯೇ ಆಗುತ್ತದೆ. ತಗ್ಗುನೆಲ ಅವರ ಇಳಿಜಾರಿನ ಪದರವನ್ನೇ ನೋಡಿ. ಕಡಿದಾದ ನೆಲಕ್ಕೆ 5, ಸಮತಟ್ಟಿಗೆ 1. ಮಣ್ಣು ಕೊಚ್ಚಿಹೋಗುವುದು, ಗುಡ್ಡ ಕುಸಿಯುವುದು ನಿಮ್ಮ ಚಿಂತೆಯಾದರೆ ಅದು ಸರಿ. ಆದರೆ ನೀರು ನಿಲ್ಲುವುದು, ಇಂಗುವುದು ಸಮತಟ್ಟಿನಲ್ಲಿ. ಒಂದೇ ಮೊತ್ತದೊಳಗೆ ಎತ್ತು ಏರಿಗೆ ಎಳೆಯುತ್ತಿದೆ, ಕೋಣ ನೀರಿಗೆ ಎಳೆಯುತ್ತಿದೆ. ಆ ತಗ್ಗು ತಗ್ಗಾಗಿರುವುದಕ್ಕೇ ಅದರ ಅಂಕ ಕಡಿತವಾಗಿದೆ!

ಸಸ್ಯಸೂಚಿಯ ಬಗ್ಗೆಯೂ ಹೇಳಲೇಬೇಕು, ಏಕೆಂದರೆ ಅದು ನನ್ನ ಸಂಕಟದ ವಿಷಯ. ಆರೋಗ್ಯವಂತ ಎಲೆ ಕೆಂಪು ಬೆಳಕನ್ನು ಹೀರಿ, ಕಣ್ಣಿಗೆ ಕಾಣದ ಸಮೀಪದ ಅವಕೆಂಪನ್ನು ಹಿಂದಕ್ಕೆ ಎಸೆಯುತ್ತದೆ. ಈ ಎರಡರ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿದರೆ ಸಿಗುವುದೇ ಎನ್‌ಡಿವಿಐ. ಅದು ಹಸಿರನ್ನು ಅಳೆಯುತ್ತದೆ, ಜೀವವೈವಿಧ್ಯವನ್ನಲ್ಲ. ನೀರು ಹಾಯಿಸಿ ಕತ್ತರಿಸಿದ ಹುಲ್ಲುಹಾಸು, ಒಂದೇ ಜಾತಿಯ ನೆಡುತೋಪು ಎರಡಕ್ಕೂ ಒಳ್ಳೆಯ ಅಂಕ ಸಿಗುತ್ತದೆ. ಬೇಸಿಗೆಯಲ್ಲಿ ಒಣಗಿ ನಿಂತ ಸಹಜ ಹುಲ್ಲುಗಾವಲಿಗೆ, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳು ನಂಬಿಕೊಂಡಿರುವ ಜಾಗಕ್ಕೆ, ಬೋಳು ನೆಲದ ಅಂಕ. ನಗರದಂಚಿನಲ್ಲಿ ಎಲ್ಲಕ್ಕಿಂತ ಮೊದಲು ಮಾಯವಾಗುವುದು ಈ ಹುಲ್ಲುಬಯಲು, ‘ಖಾಲಿ ಜಾಗ’ ಎಂಬ ಹೆಸರಿನಲ್ಲಿ. ನೀವು ಬಳಸಿದ ಚಿತ್ರ ಯಾವ ತಿಂಗಳದ್ದು? ಯುರೋಪಿನ ಸೆಂಟಿನೆಲ್–2 ಉಪಗ್ರಹಗಳ ಚಿತ್ರಗಳು 10 ಮೀಟರ್ ಚೌಕದಲ್ಲಿ ಉಚಿತವಾಗಿ ಸಿಗುತ್ತವೆ, ಎರಡು ಉಪಗ್ರಹಗಳಿಂದ ಸುಮಾರು ಐದು ದಿನಕ್ಕೊಮ್ಮೆ. ಒಂದೇ ದಿನದ ಚಿತ್ರ ಸಾಕು ಎನ್ನಲು ಈಗ ಕಾರಣವೇ ಇಲ್ಲ. ವರ್ಷದುದ್ದಕ್ಕೂ ತೆಗೆದುಕೊಂಡು ಏರಿಳಿತ ನೋಡಿ. ಸಹಜ ಹುಲ್ಲು ಮಳೆಗೆ ಏರಿ ಬೇಸಿಗೆಗೆ ಇಳಿಯುತ್ತದೆ, ನೀರು ಹಾಯಿಸಿದ ಹಾಸು ಒಂದೇ ಮಟ್ಟದಲ್ಲಿರುತ್ತದೆ. ಹಾಗೆ ಅವೆರಡನ್ನೂ ಬೇರೆ ಮಾಡಬಹುದು.

ತಗ್ಗುನೆಲ

ಚಿತ್ರ ಬೇಸಿಗೆಯದು. ಮೋಡ ಇರಬಾರದು ಎಂದು ಬೇಸಿಗೆಯದ್ದನ್ನೇ ಆರಿಸಿದ್ದೆ. ಹುಲ್ಲುಹಕ್ಕಿ ಅವರೇ, ಇಳಿಜಾರಿನ ಮಾತು ಓದಿ ತಲೆಯ ಮೇಲೆ ತಣ್ಣೀರು ಸುರಿದಂತಾಯಿತು. ಎರಡು ವರ್ಷದಲ್ಲಿ ನಮ್ಮಲ್ಲಿ ಒಬ್ಬರೂ ಅದನ್ನು ಕೇಳಿರಲಿಲ್ಲ.

ಮಳೆಲೆಕ್ಕ

ನಿಮ್ಮ ತಗ್ಗು ತೂಕ ಹಾಕುವ ಮೊದಲೇ ಅಳಿಸಿಹೋಗಿದೆ ಎಂದು ನನ್ನ ಅನುಮಾನ. ಎತ್ತರದ ದತ್ತಾಂಶ ಯಾವುದು? ಅದರ ಮೇಲೆ ‘ಗುಂಡಿ ತುಂಬುವ’ ಹೆಜ್ಜೆ ಹಾಕಿದ್ದೀರಾ?

ತಗ್ಗುನೆಲ

ಎಸ್‌ಆರ್‌ಟಿಎಂ, 30 ಮೀಟರ್. ಹೌದು, ತೊರೆಗಳ ಜಾಲ ತೆಗೆಯಲು ಗುಂಡಿ ತುಂಬಿಸಿದೆ. ಎಲ್ಲ ಪಾಠಗಳಲ್ಲೂ ಅದೇ ಮೊದಲ ಹೆಜ್ಜೆ ಅಲ್ಲವೇ?

ಮಳೆಲೆಕ್ಕ

ಅದೇ ಮೊದಲ ಹೆಜ್ಜೆ, ಅಲ್ಲಿಯೇ ಕಳ್ಳ ನುಗ್ಗುವುದು. ನೀರು ಹರಿಯುವ ದಿಕ್ಕನ್ನು ಲೆಕ್ಕ ಹಾಕುವ ತಂತ್ರಾಂಶಕ್ಕೆ ನೀರು ಎಲ್ಲಿಯೂ ನಿಲ್ಲಬಾರದು. ಹಾಗಾಗಿ ಸುತ್ತಲಿಗಿಂತ ತಗ್ಗಾಗಿರುವ ಪ್ರತಿ ಗುಂಡಿಯನ್ನೂ ಅದು ನೀರು ಹೊರಚೆಲ್ಲುವ ಅಂಚಿನ ಮಟ್ಟದವರೆಗೆ ಮಣ್ಣು ಹಾಕಿದಂತೆ ಏರಿಸುತ್ತದೆ. ದತ್ತಾಂಶದ ಸುಳ್ಳು ಗುಂಡಿಗಳೂ ಮುಚ್ಚಿಹೋಗುತ್ತವೆ, ನಿಮ್ಮ ಕಪ್ಪೆಗಳ ನಿಜವಾದ ತಗ್ಗೂ ಮುಚ್ಚಿಹೋಗುತ್ತದೆ. ಲಾರಿಯಲ್ಲಿ ಮಣ್ಣು ತಂದು ತುಂಬುವವರು ಮಾಡುವ ಕೆಲಸವನ್ನು ನಾವೇ ಕಂಪ್ಯೂಟರಿನಲ್ಲಿ ಮೊದಲೇ ಮಾಡಿ ಕೊಟ್ಟಂತೆ. ಆ ಚೌಕಕ್ಕೆ ನೀರಿನಲ್ಲಿ 5 ಬಂದಿರುವುದು ಪಕ್ಕದಲ್ಲಿ ತೊರೆ ಇರುವ ಅದೃಷ್ಟದಿಂದ. ತೊರೆಯಿಂದ ದೂರ ಇರುವ ತಗ್ಗುಗಳಿಗೆ ಆ ಐದೂ ಸಿಕ್ಕಿರುವುದಿಲ್ಲ.

ಒಂದು ಸರಳ ಕೆಲಸ ಮಾಡಿ. ಗುಂಡಿ ತುಂಬಿದ ಎತ್ತರದ ಮಾದರಿಯಿಂದ ತುಂಬುವ ಮೊದಲಿನ ಮಾದರಿಯನ್ನು ಕಳೆಯಿರಿ. ಉಳಿಯುವುದು ನಿಮ್ಮ ಪ್ರದೇಶದ ತಗ್ಗುಗಳ ಆಳದ ನಕ್ಷೆ. ಎಲ್ಲವನ್ನೂ ನಂಬಬೇಡಿ. ಎಸ್‌ಆರ್‌ಟಿಎಂ ದತ್ತಾಂಶ 2000ದ ಫೆಬ್ರುವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ಹನ್ನೊಂದು ದಿನ ರೇಡಾರ್ ಹಾಯಿಸಿ ಪಡೆದದ್ದು. ರೇಡಾರ್ ಬಹುಮಟ್ಟಿಗೆ ಮರದ ನೆತ್ತಿಯನ್ನೂ ಕಟ್ಟಡದ ತಾರಸಿಯನ್ನೂ ನೆಲವೆಂದೇ ಓದುತ್ತದೆ, ಎತ್ತರದಲ್ಲಿ ಮೀಟರುಗಟ್ಟಲೆ ತಪ್ಪಿರಬಹುದು, ಅಂದಿನಿಂದ ನಗರವೂ ಬದಲಾಗಿದೆ. ಎರಡು ತೋಪುಗಳ ನಡುವಿನ ಬಯಲು ಕೂಡ ಅದಕ್ಕೆ ಗುಂಡಿಯಾಗಿ ಕಾಣುತ್ತದೆ. ಆದ್ದರಿಂದ ಸೆಂಟಿನೆಲ್–1ರ ಮಳೆಗಾಲದ ಚಿತ್ರಗಳೊಂದಿಗೆ ತಾಳೆ ನೋಡಿ. ಅದೂ ರೇಡಾರೇ, ಮೋಡ ಅದಕ್ಕೆ ಅಡ್ಡಿಯಲ್ಲ, ನಿಂತ ನೀರು ಕಪ್ಪಾಗಿ ಕಾಣುತ್ತದೆ. ಉದ್ದ ಹುಲ್ಲಿನ ನಡುವಿನ ನೀರು ತಪ್ಪಿಸಿಕೊಳ್ಳಬಹುದು, ಹಾಗಾಗಿ ಕಪ್ಪು ಕಾಣದಿದ್ದರೆ ನೀರಿಲ್ಲ ಎಂದು ತೀರ್ಮಾನಿಸಬೇಡಿ. ಹಳೆಯ ಕಾಲ ನೋಡಬೇಕಾದರೆ ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಚಿತ್ರಗಳಿವೆ. 1972ರಿಂದ ಶುರುವಾದ ಸರಣಿ, 1982ರಿಂದ 30 ಮೀಟರ್ ಚೌಕ, 2008ರಿಂದ ಉಚಿತ. ಈಗ ಕಟ್ಟಡವಿರುವ ಜಾಗದಲ್ಲಿ ಹಿಂದೆ ಮಳೆಯ ನಂತರ ನೀರು ನಿಲ್ಲುತ್ತಿತ್ತೇ ಎಂದು ಅದರಲ್ಲಿ ಕಾಣುತ್ತದೆ. ನೆಲಮಾಳಿಗೆಗೆ ನೀರು ನುಗ್ಗುವ ಮನೆಗಳ ಪಟ್ಟಿಯನ್ನು ಅದರ ಪಕ್ಕದಲ್ಲಿಟ್ಟು ನೋಡಿ, ಹೆಚ್ಚಿನ ವಿವರಣೆ ಬೇಕಾಗುವುದಿಲ್ಲ.

ತಕ್ಕಡಿ

ಎಲ್ಲರೂ ತೂಕಗಳಿಗೆ ಏಟು ಕೊಡುತ್ತಿದ್ದೀರಿ, ಆ ತೂಕಗಳನ್ನು ತಂದ ಜೋಡಿ ಹೋಲಿಕೆಯ ವಿಧಾನದ ಪರವಾಗಿ ನಾಲ್ಕು ಮಾತು. ಗಣಿತಜ್ಞ ಥಾಮಸ್ ಸಾಟಿ 1970ರ ದಶಕದಲ್ಲಿ ಅದನ್ನು ರೂಪಿಸಿದ್ದು ಜನರ ಅಭಿಪ್ರಾಯವನ್ನು ಕ್ರಮವಾಗಿ ಹೊರತೆಗೆಯಲು. ಇಳಿಜಾರಿಗಿಂತ ನೀರು ಎಷ್ಟು ಪಟ್ಟು ಮುಖ್ಯ ಎಂದು 1ರಿಂದ 9ರ ಅಳತೆಯಲ್ಲಿ ಕೇಳುತ್ತೇವೆ. 0.10ರ ಮಿತಿ ಹೇಳುವುದು ಇಷ್ಟೇ: ನಿಮ್ಮ ಮಾತುಗಳು ಒಂದಕ್ಕೊಂದು ವಿರುದ್ಧವಾಗಿಲ್ಲ. ತಪ್ಪನ್ನೇ ಹೊಂದಾಣಿಕೆಯಿಂದ ಹೇಳಿದರೂ 0.06 ಬರುತ್ತದೆ. ಅದು ಸತ್ಯದ ಮುದ್ರೆ ಎಂದು ವರದಿಯಲ್ಲಿ ಹಾಕಿಕೊಳ್ಳುವುದು ಬಳಸುವವರ ತಪ್ಪು, ವಿಧಾನದ್ದಲ್ಲ.

ತೂಕಗಳನ್ನು ಇಟ್ಟುಕೊಳ್ಳಿ, ಆದರೆ ಅಲುಗಾಡಿಸಿ ನೋಡಿ. ಪ್ರತಿ ತೂಕವನ್ನೂ ಶೇಕಡಾ 20ರಷ್ಟು ಹಿಂದೆಮುಂದೆ ಮಾಡುತ್ತಾ, ಮೊತ್ತ ಒಂದೇ ಇರುವಂತೆ ಸರಿದೂಗಿಸಿ, ಸಾವಿರ ಬಾರಿ ನಕ್ಷೆ ಮಾಡಿಸಿ. ಯಾವ ಚೌಕ ಎಷ್ಟು ಬಾರಿ ವರ್ಗ ಬದಲಿಸಿತು ಎಂಬುದೇ ಎರಡನೆಯ ನಕ್ಷೆ. ಸಾವಿರ ಬಾರಿಯೂ ಅಲುಗದ ಕೆಂಪು ಒಂದು ಬಗೆ, ನಾನೂರು ಬಾರಿ ಹಳದಿಯಾದ ಕೆಂಪು ಇನ್ನೊಂದು ಬಗೆ. ಎರಡನ್ನೂ ಒಂದೇ ಬಣ್ಣದಲ್ಲಿ ಬಳಿದು ಕೊಟ್ಟರೆ ಅದು ಪ್ರಾಮಾಣಿಕವಲ್ಲ.

ಕಡತದಮೇಜು

ನಕ್ಷೆ ತಲುಪುವ ಮೇಜಿನ ಈಚೆ ಕೂರುವವನು ನಾನು. ಒಂದೆರಡು ಮಾತು ನಿಷ್ಠುರವಾಗಿ ಹೇಳುತ್ತೇನೆ, ಬೇಸರ ಬೇಡ.

ನೀವು 30 ಮೀಟರ್ ಚೌಕದಲ್ಲಿ ಯೋಚಿಸುತ್ತೀರಿ, ನಾನು ನಿವೇಶನದಲ್ಲಿ. ನಿಮ್ಮ ಒಂದು ಚೌಕದೊಳಗೆ ನಾಲ್ಕೈದು ಸಣ್ಣ ನಿವೇಶನಗಳು ಬೀಳುತ್ತವೆ. ಕೆಂಪು–ಹಳದಿಯ ಗೆರೆ ಒಬ್ಬರ ಜಾಗದ ನಡುವೆ ಹಾದುಹೋದರೆ ಅವರು ನನ್ನ ಮುಂದೆ ಬಂದು ‘ಈ ಗೆರೆ ಎಳೆದವರು ಇಲ್ಲಿಗೆ ಬಂದಿದ್ದರೇ’ ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ನನ್ನ ಬಳಿ ಉತ್ತರ ಇರುವುದಿಲ್ಲ. ನಿಮ್ಮ ನಕ್ಷೆ ಯಾವ ಅಳತೆಗೆ ನಂಬಿಕಾರ್ಹ, ಯಾವ ಅಳತೆಗೆ ಅಲ್ಲ ಎಂದು ನಕ್ಷೆಯ ಮೇಲೆಯೇ ಬರೆದು ಕೊಡಿ. ಗೆರೆಯ ಎರಡೂ ಬದಿಗೆ ‘ಸ್ಥಳ ಪರಿಶೀಲನೆ ಕಡ್ಡಾಯ’ ಎಂಬ ಪಟ್ಟಿ ಎಳೆಯಿರಿ. ಅಷ್ಟು ಸಿಕ್ಕರೆ ನಾನು ಕೆಲಸ ಮಾಡಬಲ್ಲೆ.

ತಗ್ಗುನೆಲ ಅವರು ಸಮಭಾಗ ಮಾಡಿ ವರ್ಗ ಹಾಕಿದ್ದು ಒಳ್ಳೆಯದಾಯಿತು. ಅನೇಕರು ತಂತ್ರಾಂಶ ತಾನಾಗಿಯೇ ಹುಡುಕಿಕೊಡುವ ‘ಸಹಜ ಒಡಕು’ಗಳನ್ನು ಬಳಸುತ್ತಾರೆ. ನೋಡಲು ಚೆನ್ನ. ಆದರೆ ಆ ಒಡಕುಗಳು ನಿಂತಿರುವುದು ಆ ಪ್ರದೇಶದ ಅಂಕಗಳ ಹಂಚಿಕೆಯ ಮೇಲೆ. ಅಧ್ಯಯನದ ಗಡಿಯನ್ನು ಹತ್ತು ಕಿಲೋಮೀಟರ್ ಹಿಗ್ಗಿಸಿ ಒಂದು ಬೆಟ್ಟ ಒಳಗೆ ಬಂದರೆ, ನಿನ್ನೆ ‘ಹೆಚ್ಚು’ ಇದ್ದ ತೊರೆಯ ದಡ ಇಂದು ‘ಮಧ್ಯಮ’. ದಡ ಮಾತ್ರ ಇದ್ದಲ್ಲೇ ಇದೆ. ಐದು ವರ್ಷದ ನಂತರ ಮತ್ತೆ ನಕ್ಷೆ ಮಾಡಿದಾಗ ಸ್ಥಿತಿ ಕೆಟ್ಟಿದೆಯೋ ಸುಧಾರಿಸಿದೆಯೋ ಎಂದು ಹೋಲಿಸಲೂ ಆಗುವುದಿಲ್ಲ.

ಗಡಿ ಎಂದಾಗ ನೆನಪಾಯಿತು, ದಯವಿಟ್ಟು ನಗರದ ಆಡಳಿತ ಗಡಿಗೆ ನಕ್ಷೆಯನ್ನು ಕತ್ತರಿಸಬೇಡಿ. ಮೇಲಿನ ಜಲಾನಯನ ಗಡಿಯ ಆಚೆ ಇರುತ್ತದೆ, ಅಲ್ಲಿ ಮಾಡಿದ್ದನ್ನು ಇಲ್ಲಿ ಉಣ್ಣುತ್ತೇವೆ.

ಊರಂಚು

ಇಷ್ಟು ಹೊತ್ತು ಓದುತ್ತಿದ್ದೆ, ಒಂದು ಮಾತು ಯಾರ ಬಾಯಲ್ಲೂ ಬರಲಿಲ್ಲ. ತಗ್ಗಿನಲ್ಲಿ, ತೊರೆಯ ದಡದಲ್ಲಿ, ಕಡಿದಾದ ಬದಿಯಲ್ಲಿ ಜನ ಇದ್ದಾರೆ. ಬೇರೆ ಕಡೆ ಜಾಗ ಸಿಗದ ಜನ. ನಕ್ಷೆ ಕೆಂಪಾದ ಮರುದಿನ ಅವರ ಗುಡಿಸಲಿಗೆ ನೋಟಿಸ್ ಬರುತ್ತದೆ. ಅದೇ ಕೆಂಪಿನೊಳಗೆ ಮಣ್ಣು ತುಂಬಿ ಎದ್ದ ದೊಡ್ಡ ಕಟ್ಟಡಕ್ಕೆ ವಿನಾಯಿತಿ ಸಿಗುತ್ತದೆ. ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತಿದ್ದೇನೆ. ನಿಮ್ಮ ನಕ್ಷೆಯಲ್ಲಿ ಜನ ಎಲ್ಲಿದ್ದಾರೆ?

ಕಡತದಮೇಜು

ಊರಂಚು ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ನಕ್ಷೆ ತಾನಾಗಿ ಯಾರನ್ನೂ ಎಬ್ಬಿಸುವುದಿಲ್ಲ, ಆದರೆ ಬಣ್ಣದ ಪಕ್ಕದಲ್ಲಿ ಏನು ಮಾಡಬೇಕು ಎಂದು ಬರೆಯದಿದ್ದರೆ ಬಲ ಇರುವವರು ತಮಗೆ ಬೇಕಾದದ್ದನ್ನು ಓದಿಕೊಳ್ಳುತ್ತಾರೆ. ‘ಇಲ್ಲಿ ಹೊಸದಾಗಿ ಮಣ್ಣು ತುಂಬುವಂತಿಲ್ಲ, ಇರುವ ಮನೆಗಳಿಗೆ ನೀರು ಹರಿದುಹೋಗುವ ವ್ಯವಸ್ಥೆ ಮತ್ತು ಮುನ್ನೆಚ್ಚರಿಕೆ ಮೊದಲು’ ಎಂದು ವರ್ಗದ ವಿವರಣೆಯಲ್ಲೇ ಬರೆಯಬಹುದು. ಸೂಕ್ಷ್ಮತೆಯ ನಕ್ಷೆ ಬೇರೆ, ಅಪಾಯದಲ್ಲಿರುವ ಜನರ ನಕ್ಷೆ ಬೇರೆ. ಎರಡನ್ನೂ ಒಂದೇ ಅಂಕಕ್ಕೆ ಕೂಡಿದರೆ ಜನವಸತಿ ಇದ್ದಲ್ಲಿ ‘ಈಗಾಗಲೇ ಹಾಳಾಗಿದೆ’ ಎಂದು ಅಂಕ ಇಳಿಯುತ್ತದೆ, ಆಮೇಲೆ ಎರಡೂ ಸೋಲುತ್ತವೆ. ಪಕ್ಕಪಕ್ಕದಲ್ಲಿ ಇಡಿ.

ಊರಂಚು

ಪಕ್ಕಪಕ್ಕದಲ್ಲಿ ಇಡುವುದಕ್ಕೆ ನನ್ನ ಒಪ್ಪಿಗೆ ಇದೆ. ಆದರೆ ಗೆರೆ ಎಳೆಯುವ ಮೊದಲು ಅಲ್ಲಿರುವವರನ್ನು ಕೇಳಿ. ನೀರು ಯಾವ ಕಲ್ಲಿನವರೆಗೆ ಬರುತ್ತದೆ ಎಂದು ಅವರಿಗೆ ನಿಮ್ಮ ಉಪಗ್ರಹಕ್ಕಿಂತ ಚೆನ್ನಾಗಿ ಗೊತ್ತು.

ಹುಲ್ಲುಹಕ್ಕಿ

ಇನ್ನೊಂದು ಪದರ ಬಿಟ್ಟುಹೋಗಿದೆ. ಎರಡು ಹಸಿರು ತಾಣಗಳ ನಡುವೆ ಪೊದೆಗಳ ಒಂದು ಕಿರಿದಾದ ಸಾಲು ಇದೆ ಎಂದಿಟ್ಟುಕೊಳ್ಳಿ. ಚೌಕಕ್ಕೆ ಚೌಕ ನೋಡಿದರೆ ಅದಕ್ಕೆ ಏನೂ ಬೆಲೆ ಇಲ್ಲ. ಆದರೆ ಪ್ರಾಣಿಗಳು ದಾಟಲು ಅದೊಂದೇ ದಾರಿ. ಪರಿಸರ ವಿಜ್ಞಾನಿ ಬ್ರಾಡ್ ಮೆಕ್‌ರೇ ಇದಕ್ಕೆ ವಿದ್ಯುತ್ ಮಂಡಲದ ಗಣಿತ ಬಳಸಿದರು. ನೆಲವನ್ನು ತಡೆಯ ಜಾಲ ಎಂದುಕೊಂಡು ಒಂದು ತಾಣದಿಂದ ಇನ್ನೊಂದಕ್ಕೆ ಪ್ರವಾಹ ಹರಿಸಿದರೆ, ಇಕ್ಕಟ್ಟಾದ ಜಾಗದಲ್ಲಿ ಪ್ರವಾಹ ದಟ್ಟವಾಗುತ್ತದೆ. ಆ ಇಕ್ಕಟ್ಟುಗಳನ್ನು ಬೇರೆಯೇ ಗೆರೆಯಾಗಿ ನಕ್ಷೆಯ ಮೇಲೆ ಎಳೆಯಿರಿ, ಸರಾಸರಿಗೆ ಸೇರಿಸಬೇಡಿ.

ನಕ್ಷೆಮನೆ ಅವರ ಜೊತೆಗಿನ ಜಗಳವನ್ನೂ ಇಲ್ಲಿ ಮುಗಿಸುತ್ತೇನೆ. ರಾಜಿಯಾಗದವುಗಳನ್ನು ಮೊದಲು ಎತ್ತಿಡೋಣ: ತೊರೆ ಮತ್ತು ಅದರ ದಡ, ನೆರೆ ಬಯಲು, ಜೌಗು, ನೀರು ನಿಲ್ಲುವ ತಗ್ಗು, ಕುಸಿಯುವ ಇಳಿಜಾರು, ಅಪರೂಪದ ಜೀವಿಗಳ ನೆಲೆ. ಇವುಗಳಲ್ಲಿ ಯಾವುದಾದರೂ ಒಂದಿದ್ದರೂ ಸಾಕು, ಅಲ್ಲಿ ತೂಕದ ಮಾತೇ ಇಲ್ಲ. ಉಳಿದ ನೆಲದಲ್ಲಿ ಮಾತ್ರ ತೂಕ ಹಾಕಿ ಕೂಡೋಣ.

ನಕ್ಷೆಮನೆ

ಒಪ್ಪಿದೆ. ಒಂದೇ ಷರತ್ತು: ಕೆಂಪಾದ ಪ್ರತಿ ಚೌಕದ ಜೊತೆ ಅದು ಯಾವ ಕಾರಣಕ್ಕೆ ಕೆಂಪಾಯಿತು ಎಂಬುದು ದಾಖಲಾಗಿರಬೇಕು. ಕಾರಣ ಇಲ್ಲದ ಕೆಂಪನ್ನು ಯಾರೂ ಪ್ರಶ್ನಿಸಲಾಗದು, ಯಾರೂ ತಿದ್ದಲೂ ಆಗದು.

ತಗ್ಗುನೆಲ

ಹದಿನೆಂಟು ದಿನಗಳ ನಂತರ ಬರೆಯುತ್ತಿದ್ದೇನೆ, ತಡವಾಯಿತು.

ಮಳೆಲೆಕ್ಕ ಅವರು ಹೇಳಿದಂತೆ ಕಳೆದು ನೋಡಿದೆ. 31 ತಗ್ಗುಗಳು ಸಿಕ್ಕವು. ಎಲ್ಲವನ್ನೂ ನಡೆದು ನೋಡಿದೆವು. 11 ಸುಳ್ಳು, ಅದರಲ್ಲಿ ಆರು ನಿಜಕ್ಕೂ ತೋಪುಗಳ ನಡುವಿನ ಬಯಲುಗಳೇ. ಮೂರರಲ್ಲಿ ಈಗಾಗಲೇ ಕಟ್ಟಡ ಎದ್ದಿದೆ. ಉಳಿದ 17ರಲ್ಲಿ ಒಂಬತ್ತು ಯಾವ ತೊರೆಯ ಹತ್ತಿರವೂ ಇಲ್ಲ, ಹಳೆಯ ನಕ್ಷೆಯಲ್ಲಿ ಅವುಗಳ ಸುಳಿವೇ ಇರಲಿಲ್ಲ. ಈಗ ಹದಿನೇಳೂ ಕೆಂಪು, ಕಾರಣದ ಕಲಂನಲ್ಲಿ ‘ನೀರು ನಿಲ್ಲುವ ತಗ್ಗು’ ಎಂದಿದೆ. ಇಳಿಜಾರಿನ ಪದರವನ್ನು ಸವಕಳಿಗೆ ಮಾತ್ರ ಬಳಸುತ್ತಿದ್ದೇನೆ.

ಊರಂಚು ಅವರೇ, ಆಗ್ನೇಯದ ಬಯಲಿನ ಪಕ್ಕದ ಮನೆಗಳಿಗೆ ಹೋಗಿದ್ದೆ. ಒಬ್ಬ ಅಜ್ಜಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಎಳೆದ ಮೂರು ಗೆರೆ ತೋರಿಸಿದರು, ಮೂರು ಬೇರೆ ಬೇರೆ ಮಳೆಗಳದ್ದು. ನಮ್ಮ ನಕ್ಷೆಯ ಅಂಚು ಅತಿ ಮೇಲಿನ ಗೆರೆಗಿಂತ ಸುಮಾರು ಹನ್ನೆರಡು ಹೆಜ್ಜೆ ಒಳಗೆ ನಿಂತಿದೆ. ಅಂಚನ್ನು ಆ ಗೆರೆಯವರೆಗೆ ಸರಿಸಿದ್ದೇನೆ, ಕಡತದಮೇಜು ಅವರು ಕೇಳಿದ ಪರಿಶೀಲನೆಯ ಪಟ್ಟಿ ಅಲ್ಲಿಂದ ಹೊರಗೆ ಶುರುವಾಗುತ್ತದೆ.

ಒಂದು ಜಾಗ ಮಾತ್ರ ಇನ್ನೂ ಗೊಂದಲ. ಎರಡು ತಗ್ಗುಗಳ ನಡುವೆ ಎಂಟು ಮೀಟರ್ ಅಗಲದ ಒಂದು ಕೊರಕಲು ಇದೆ, ಯಾವ ಉಪಗ್ರಹ ಚಿತ್ರದಲ್ಲೂ ಸರಿಯಾಗಿ ಕಾಣುತ್ತಿಲ್ಲ. ಒಂದು ತುಂಬಿದರೆ ಇನ್ನೊಂದಕ್ಕೆ ನೀರು ಅದರ ಮೂಲಕವೇ ಹೋಗುತ್ತದೆಯೋ ಎಂದು ನೋಡಲು ನಿನ್ನೆ ಅಳತೆಯ ಗುರುತು ಹಾಕಿದ ಆರು ಬಿದಿರುಕೋಲು ನೆಟ್ಟು ಬಂದಿದ್ದೇನೆ. ಮಳೆಲೆಕ್ಕ ಅವರೇ, ಕೋಲುಗಳ ಜಾಗವನ್ನು ಕಳಿಸುತ್ತೇನೆ, ಅಂತರ ಸಾಕೇ ನೋಡಿ ಹೇಳಿ. ನಾಡಿದ್ದು ಮಳೆ ಇದೆ ಎನ್ನುತ್ತಿದ್ದಾರೆ.

ಮಳೆಲೆಕ್ಕ

ಕಳಿಸಿ, ಇವತ್ತೇ ನೋಡುತ್ತೇನೆ. ಕೊರಕಲಿನ ಎರಡೂ ಬಾಯಿಗೆ ಒಂದೊಂದು ಕೋಲು ಹೆಚ್ಚಿಗೆ ನೆಡಿ.